ಹಗ್ಗ ಅಳುವುದನ್ನು ಕೇಳಿಸಿಕೊಂಡವನಿಗೆ

ಮನೆಯಿಂದ,
ಮಾರ್ಚ್ ೧೦, ಸೋಮವಾರ ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಗಂಟಲು ವಾಸಿಯಾಯಿತೇ? ವಾರಕ್ಕೆ ನಾಲ್ಕು ಭಾಷಣ ಮಾಡುವವನ ಗಂಟಲು ಎಷ್ಟು ದಿನ ತಾಳೀತು ಹೇಳು. ನನ್ನ ಮಂಡಿಯನ್ನು ಕೇಳಬೇಡ. ನಾಲ್ಕು ದಿನಗಳಿಂದ ಐದು ಮಹಡಿ ಹತ್ತಿ ಇಳಿಯುತ್ತಿದ್ದೇನೆ. ನಿನಗೆ ಮೂರು ಸಲ ಫೋನ್ ಮಾಡಿದೆ. ಎತ್ತಿದಾಕೆ, ಸರ್ ಪ್ರವಾಸದಲ್ಲಿದ್ದಾರೆ, ತಾವು ಯಾವ ಸಂಸ್ಥೆಯಿಂದ ಎಂದಳು. ಅಕ್ಕ ಎಂಬ ಸಂಸ್ಥೆಯಿಂದ ಎಂದು ಹೇಳಿ ಇಟ್ಟೆ. ಅದಕ್ಕೇ ಈ ಪತ್ರವನ್ನು ನಿನ್ನ ಹೆಂಡತಿಯ ಹೆಸರಿಗೆ ಕೊರಿಯರ್ ಮಾಡುತ್ತಿದ್ದೇನೆ. ಅವಳು ನಿನ್ನ ಕೈಗೇ ಕೊಡುತ್ತಾಳೆ.

ಲಿಫ್ಟ್ ಉದ್ಯಮದ ಪತ್ರಿಕೆಯನ್ನು, ಮೆಕ್ಯಾನಿಕ್ ಕೆಲಸದಿಂದ ನಿವೃತ್ತಳಾದ ಮೇಲೂ ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುವವಳು ನಾನೊಬ್ಬಳೇ ಇರಬೇಕು. ಈ ಗುರುವಾರ ಲಿಫ್ಟ್ ಸಂಘದ ಸಭೆಯಲ್ಲಿ ನಿನಗೆ ‘ಉದ್ಯಮದ ಥಾಟ್ ಲೀಡರ್’ ಎಂಬ ಬಿರುದು ಕೊಡುತ್ತಾರಂತೆ. ಓದಿ ಹೆಮ್ಮೆಪಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸುದ್ದಿ ಇತ್ತು. ಅದೇ ಸಭೆಯಲ್ಲಿ ನಿನ್ನ ‘ಕಿವಿ ಪರೀಕ್ಷೆ’ಗೆ ಮಾನ್ಯತೆ ಸಿಗುತ್ತದೆ, ಮೋಟಾರಿನ ಪಕ್ಕ ಎರಡು ನಿಮಿಷ ನಿಂತು ಸದ್ದು ಕೇಳಿದರೆ ಸಾಕು, ಆರು ತಿಂಗಳಿಗೊಮ್ಮೆ ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಬಟ್ಟೆ ಹಿಡಿದು ತುಂಡಾದ ಎಳೆ ಹುಡುಕುವುದನ್ನು ಇನ್ನು ಎರಡು ವರ್ಷಕ್ಕೊಮ್ಮೆ ಮಾಡಿದರಾಯಿತು.

ನಿನ್ನ ಪುಸ್ತಕದ ಮೊದಲ ಅಧ್ಯಾಯ ಆ ಆಸ್ಪತ್ರೆಯ ಲಿಫ್ಟಿನ ಕಥೆ. ನೀನು ಕಣ್ಣು ಮುಚ್ಚಿ ನಿಂತೆ, ಸದ್ದಿನಲ್ಲೇ ಹಗ್ಗದ ನೋವು ತಿಳಿಯಿತು ಎಂದು ಬರೆದಿದ್ದೀಯ. ಹದಿನೆಂಟು ವರ್ಷವಾಗಿರಬಹುದು, ನನ್ನ ನೆನಪಿಗೆ ತುಕ್ಕು ಹಿಡಿದಿಲ್ಲ. ಹಿಂದಿನ ದಿನ ಲಿಫ್ಟಿನ ತಲೆಯ ಮೇಲೆ ಕೂತು, ಅಪ್ಪ ಕಲಿಸಿದಂತೆ ಹಳೇ ಬನಿಯನ್ನಿನ ತುಂಡನ್ನು ಹಗ್ಗಕ್ಕೆ ಸಡಿಲವಾಗಿ ಸುತ್ತಿ ಹಿಡಿದು, ಲಿಫ್ಟನ್ನು ನಿಧಾನ ಇಳಿಸಿದವಳು ನಾನು. ಮೂರನೇ ಹಗ್ಗದಲ್ಲಿ ಬಟ್ಟೆ ಸಿಕ್ಕಿಕೊಂಡು ಹರಿಯಿತು. ಆಸ್ಪತ್ರೆಯ ಮ್ಯಾನೇಜರ್ ಹೆಂಗಸಿನ ಮಾತಿಗೆ ಲಿಫ್ಟ್ ನಿಲ್ಲಿಸಲಿಲ್ಲ. ಮರುದಿನ ಅಪ್ಪನೂ ನಾನೂ ನಿನ್ನನ್ನು ಕಳಿಸಿದೆವು. ನೀನು ಕಿವಿಗೆ ಕೈ ಹಚ್ಚಿ, “ಹಗ್ಗ ಅಳ್ತಾ ಇದೆ ಸ್ವಾಮಿ, ನಿಮಗೆ ಕೇಳಿಸ್ತಾ ಇಲ್ವಾ?” ಅಂದೆ. ಆತ ಬೆವತು ತಕ್ಷಣ ನಿಲ್ಲಿಸಿದ. ನೋಡಿದರೆ ಒಂಬತ್ತು ಎಳೆ ತುಂಡಾಗಿದ್ದವು. ಮನೆಗೆ ಬಂದು ನೀನು ಆ ನಾಟಕ ಮಾಡಿ ತೋರಿಸಿದಾಗ ಅಪ್ಪ ಚಹಾ ಚೆಲ್ಲಿಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಅದು ಲೇಖನವಾಯಿತು, ಭಾಷಣವಾಯಿತು, ಪುಸ್ತಕವಾಯಿತು. ತಮ್ಮ ಮೇಲೆ ಬರುತ್ತಿದ್ದಾನೆ, ನಾನೇಕೆ ಅಡ್ಡ ಬರಲಿ ಎಂದು ಬಾಯಿ ಮುಚ್ಚಿಕೊಂಡೆ. ಆ ತಪ್ಪು ನನ್ನದು.

ಕಳೆದ ಗುರುವಾರ ನಮ್ಮ ಕಟ್ಟಡಕ್ಕೆ ಮೆಕ್ಯಾನಿಕ್ ಬಂದಿದ್ದ. ಇಪ್ಪತ್ತು ವರ್ಷ ಸರ್ವಿಸ್ ಆದ, ಕೂದಲು ನರೆತ ಮನುಷ್ಯ. ಮೋಟಾರಿನ ಪಕ್ಕ ಕಣ್ಣು ಮುಚ್ಚಿ ನಿಂತ, ಸಹಿ ಹಾಕಿದ, ಹೊರಟ. ಬಟ್ಟೆ ಎಲ್ಲಪ್ಪಾ ಎಂದೆ. “ಅಮ್ಮಾ, ಅದೆಲ್ಲ ಹಳೇ ಕಾಲದ್ದು. ಸರ್ ಪುಸ್ತಕ ಓದಿಲ್ವಾ ನೀವು?” ಎಂದ. ಆ ಸರ್‌ನ ಮೂಗು ಒರೆಸಿದವಳು ನಾನು ಎನ್ನಬೇಕೆನಿಸಿತು. ಅನ್ನಲಿಲ್ಲ, ದಾರಿಗೆ ಅಡ್ಡ ನಿಂತು ಅವನ ಕೈಯಲ್ಲೇ ಬಟ್ಟೆ ಹಿಡಿಸಿದೆ. ಎರಡನೇ ಹಗ್ಗದಲ್ಲಿ ಎರಡು ಕಡೆ ಸಿಕ್ಕಿಕೊಂಡಿತು. ಅವನ ಮುಖ ನೋಡಬೇಕಿತ್ತು ನೀನು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಈ ವರ್ಷ ಹೀಗೆ ಸಹಿ ಹಾಕಿದ ಕಟ್ಟಡಗಳನ್ನು ಬೆರಳಿನಲ್ಲಿ ಎಣಿಸತೊಡಗಿದ. ಬೆರಳು ಸಾಲಲಿಲ್ಲ. ಲಿಫ್ಟನ್ನು ನಾನು ಅಂದೇ ನಿಲ್ಲಿಸಿಬಿಟ್ಟೆ. ಆರನೇ ಮಹಡಿಯ ಬಸುರಿ ಹುಡುಗಿ ದಿನವೂ ಹತ್ತುತ್ತಾಳೆ. ಮಹಡಿಗೊಮ್ಮೆ ನಿಂತು ಸುಧಾರಿಸಿಕೊಂಡು ನನ್ನ ಬಾಗಿಲನ್ನು ಒಂದು ಸಲ ದಿಟ್ಟಿಸುತ್ತಾಳೆ. ಬೈಯಲಿ. ಹತ್ತಿಯಾದರೂ ಮನೆ ಸೇರುತ್ತಾಳಲ್ಲ.

ಬಿರುದು ನಿನಗಿರಲಿ. ಇಷ್ಟು ವರ್ಷ ಅಷ್ಟು ಜನ ನಿನ್ನ ಮಾತು ಕೇಳುವಂತೆ ಮಾಡಿದ್ದು ಸಣ್ಣ ವಿಷಯವಲ್ಲ. ಅಂದು ಹೂಡಿದ್ದು ನಾಟಕ, ಹಗ್ಗದ ದೋಷ ಕಂಡದ್ದು ಬಟ್ಟೆಯಿಂದ ಎಂದು ಗುರುವಾರ ನೀನೇ ಹೇಳಿದರೆ ಒಂದು ಗಂಟೆ ನಗುತ್ತಾರೆ, ಆಮೇಲೆ ಬಟ್ಟೆ ಹಿಡಿಯುತ್ತಾರೆ. ಬೇರೆಯವರು ಹೇಳಿದರೆ ನಿನ್ನ ಉಳಿದ ಒಳ್ಳೆಯ ಮಾತುಗಳನ್ನೂ ಯಾರೂ ಕೇಳುವುದಿಲ್ಲ.

ನಿನ್ನ ಹೆಂಡತಿ, ಮಕ್ಕಳಿಗೆ ನನ್ನ ಪ್ರೀತಿ ತಿಳಿಸು. ನಿನಗೆ ಒಳ್ಳೆಯದಾಗಲಿ, ನಿನ್ನನ್ನು ನಂಬಿದವರಿಗೂ.

ಇತಿ ನಿನ್ನ
ಅಕ್ಕ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಸಂಘದ ಕಾರ್ಯದರ್ಶಿಯ ಫೋನ್ ಬಂತು. ಆ ಮೆಕ್ಯಾನಿಕ್ ನಮ್ಮ ಹಗ್ಗದ ಫೋಟೋವನ್ನು ಅವರಿಗೆ ಕಳಿಸಿ, ನನ್ನ ನಂಬರನ್ನೂ ಕೊಟ್ಟಿದ್ದಾನೆ. ಆಸ್ಪತ್ರೆಯ ಕಥೆ ನಿಜವೇ ಎಂದು ನೇರವಾಗಿ ಕೇಳಿದರು. ಗುರುವಾರ ನನ್ನ ತಮ್ಮನೇ ಹೇಳುತ್ತಾನೆ ಎಂದೆ. ಹೇಳದಿದ್ದರೆ ಎಂದರು. ನಿನ್ನ ಭಾಷಣ ಮುಗಿದ ಮೇಲೆ ನನಗೆ ಹತ್ತು ನಿಮಿಷ ಇಟ್ಟಿದ್ದಾರೆ, ನಾನು ಒಪ್ಪಿದ್ದೇನೆ. ನನ್ನನ್ನು ಎದ್ದು ನಿಲ್ಲುವಂತೆ ಮಾಡಬೇಡ, ಮರಿ.