ದಡದಲ್ಲಿದ್ದವನ ಪಾಲು

ಉಮ್ಮರ್,

ಇವತ್ತು ಬೆಳಿಗ್ಗೆ ನೇತ್ರಾವತಿಯಲ್ಲಿ ನಾವು ಮೀನು ಹಿಡಿಯುತ್ತಿದ್ದ ಹಳೇ ಕಡವಿನಲ್ಲಿ ಐದು ನೀರುನಾಯಿಗಳನ್ನು ಕಂಡೆ. ಹಿಂದೆ ನಾವಿಬ್ಬರು ಸೇರಿ ಬಲೆ ಎಳೆಯುತ್ತಿದ್ದ ರೀತಿಯಲ್ಲೇ, ನಾಲ್ಕು ಸೇರಿ ಮೀನುಗಳನ್ನು ದಡಕ್ಕೆ ಅಟ್ಟಿದವು. ಐದನೆಯದಕ್ಕೆ ಕಾಲು ಊನ. ಬಂಡೆಯ ಮೇಲೆಯೇ ಕೂತಿತ್ತು. ನಾಲ್ಕರಲ್ಲಿ ದೊಡ್ಡದು ತಾನು ಹಿಡಿದ ಮೊದಲ ಮೀನನ್ನು ತಂದು ಅದರ ಮುಂದಿಟ್ಟು, ಮತ್ತೆ ನೀರಿಗೆ ಹಾರಿತು.

ನಿನ್ನ ಕಾಲು ಮುರಿದ ವರ್ಷ ನೀನೂ ದಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಬುಟ್ಟಿ ಹಿಡಿದವನಿಗೂ ಸಮಪಾಲು ಎಂಬುದು ಕಡವಿನ ಕ್ರಮ. ನಾನು, "ನೀರಿಗೆ ಇಳಿಯದವನಿಗೆ ಎಂಥ ಪಾಲು ಮಾರಾಯ?" ಎಂದೆ. "ಆಯ್ತು" ಎಂದು ನಕ್ಕು ಬುಟ್ಟಿ ಕೆಳಗಿಟ್ಟ ನೀನು ಮತ್ತೆ ಕಡವಿಗೆ ಬರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ನಿನ್ನ ಊರು ವಾಮದಪದವಿಗೆ ಬೆಳಗಿನ ಬಸ್ಸು ಉಂಟಲ್ಲ. ಹರಿದ ಬಲೆ ಹೊಲಿದಿದ್ದೇನೆ. ನಾಳೆ ಮೊದಲ ಮೀನು ನಿನಗೆ; ಬುಟ್ಟಿ ಹಿಡಿದು ನಿಲ್ಲುವವನು ನಾನು, ನಿನ್ನ ಬಾಗಿಲಲ್ಲಿ.

ಮೋನಪ್ಪ