ದರ್ಜಿಗೆ ಸಿಟ್ಟಿಲ್ಲ

ಮನೆ,
ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಮಂಡಿನೋವು ಹೇಗಿದೆ? ಭಾವ ಈಗಲಾದರೂ ಲೋಟ ನೀರನ್ನು ತಾವೇ ತೆಗೆದುಕೊಂಡು ಕುಡಿಯುತ್ತಾರೋ, ಅದಕ್ಕೂ ನಿನ್ನನ್ನೇ ಕೂಗುತ್ತಾರೋ? ಕನ್ನಡಕ ಹಾಕಿಕೊಂಡು ಓದು. ಈ ಪಾರ್ಕಿನ್ಸನ್ ಬಂದಮೇಲೆ ನನ್ನ ಅಕ್ಷರ ಆನೆಯಾಗಿ ಹೊರಟು ಸಾಲಿನ ಕೊನೆಗೆ ಇರುವೆಯಾಗುತ್ತದೆ.

ಒಂದು ಕಥೆ ಕೇಳು. ಇದನ್ನು ಮೊದಲು ಹೇಳಿದವಳು ನನ್ನ ಹೆಂಡತಿ, ಮೊನ್ನೆ ಶನಿವಾರ ಮಧ್ಯಾಹ್ನ. ಊಟದ ತಟ್ಟೆ ಇನ್ನೂ ಎತ್ತಿರಲಿಲ್ಲ. ಎದುರಿಗೆ ಮಗ, ಸೊಸೆ. ನಾನು ಎಂದಿನಂತೆ ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಒಂದೂರಲ್ಲಿ ಒಬ್ಬ ದರ್ಜಿ ಇದ್ದ ಎಂದು ಶುರುಮಾಡಿದಳು. ಯಾವ ದರ್ಜಿ ಎಂದು ನಿನಗೆ ಹೇಳಬೇಕಾಗಿಲ್ಲ. ಅವನು ಕತ್ತರಿ ಹಿಡಿದರೆ ಬಟ್ಟೆ ತಾನೇ ದಾರಿ ಬಿಡುತ್ತಿತ್ತಂತೆ. ಕೈ ನಡುಗಲು ಶುರುವಾದಾಗಲೂ, ಮಿಷನ್ನಿಗಿದ್ದ ಮೋಟಾರು ಈಗ ನನ್ನ ಕೈಗೂ ಬಂತು ಎಂದು ಗಿರಾಕಿಗಳನ್ನು ನಗಿಸುತ್ತಿದ್ದನಂತೆ. ಆಮೇಲೆ ಮುಖ ಬಿಗಿಯಿತು, ನಗು ಹೊರಗೆ ಬರದಾಯಿತು. ಅಂಗಡಿಗೆ ಹೋಗುವುದನ್ನೇ ಬಿಟ್ಟ. ಅವನಿಗೆ ಸಿಟ್ಟು ಎಂದುಕೊಂಡು ಮನೆಯವರು ಬೆಕ್ಕಿನ ಹೆಜ್ಜೆ ಇಟ್ಟರು, ಪಿಸುಮಾತಾಡಿದರು, ಪಾತ್ರೆಯನ್ನೂ ಸದ್ದಾಗದಂತೆ ಇಳಿಸಿದರು. ದರ್ಜಿ ಏನೆಂದುಕೊಂಡ ಗೊತ್ತೇ ಅಕ್ಕಾ? ಇದು ಅವಳು ಹೇಳಿದ್ದಲ್ಲ, ನಾನು ಸೇರಿಸಿದ್ದು. ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಾರಲ್ಲ, ಇವರ ಪಾಲಿಗೆ ನಾನು ಆಗಲೇ ಹೋದವನು ಎಂದುಕೊಂಡ.

ಅಷ್ಟರಲ್ಲಿ ಸೊಸೆ ಕೇಳಿದಳು: "ಆ ದರ್ಜಿಗೆ ಯಾರ ಮೇಲೆ ಸಿಟ್ಟು, ಅತ್ತೆ?"

"ನಂಗೇನು ಗೊತ್ತಮ್ಮ. ಕೇಳಿದ್ರೆ ಎಲ್ಲಿ ಕಚ್ತಾನೋ ಅಂತ ಕೇಳ್ಲಿಲ್ಲ."

ನನಗೆ ನಗು ಬಂತು. ಮುಖಕ್ಕೆ ಸುದ್ದಿ ಮುಟ್ಟಲಿಲ್ಲ, ಅಷ್ಟೆ. ಗೋಡೆಯಿಂದ ತಿರುಗಲು ನನಗೆ ಹೊತ್ತು ಬೇಕು. ಕಾದರು.

"ದರ್ಜಿಗೆ ಸಿಟ್ಟಿಲ್ಲ ಕಣೇ," ಎಂದೆ. "ಭಯ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ಭಯ."

ಮಗ ನನ್ನ ಕೈ ಹಿಡಿದುಕೊಂಡ. ಈ ಕಾಯಿಲೆ ಮನಸ್ಸನ್ನೂ ಹಿಡಿಯುತ್ತದೆಂದು ಡಾಕ್ಟರು ಹಿಂದೆಯೇ ಹೇಳಿದ್ದರಂತೆ, ಅದಕ್ಕೂ ಬೇರೆ ಔಷಧಿ ಇದೆಯಂತೆ. ಹೋಗೋಣವೇ ಎಂದ. ಹೂಂ ಎಂದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆಗಳು ಧಡಬಡ ಸದ್ದು ಮಾಡಿದವು. ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದದ್ದಕ್ಕೆ ಸೊಸೆ ಬೀದಿಗೆ ಕೇಳುವಂತೆ ನನ್ನನ್ನು ಬೈದಳು. ಹೆಂಡತಿ ಅವಳ ಪಕ್ಷ. ಬಹಳ ದಿನದ ಮೇಲೆ ನನಗೆ ಹಸಿವಾಯಿತು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂದಿಗೂ ನಿನ್ನ ಬಾಲ,
ತಮ್ಮ

ತಾ.ಕ.: ಶನಿವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ಭಯ ಎಂದಷ್ಟೇ ಮನೆಯವರಿಗೆ ಹೇಳಿದ್ದೇನೆ. ಒಮ್ಮೊಮ್ಮೆ ಬದುಕೇ ಸಾಕು ಅನ್ನಿಸುತ್ತದೆ ಎಂಬುದನ್ನು ಹೇಳಲು ಬಾಯಿ ಬಂದಿಲ್ಲ. ಶುಕ್ರವಾರವೇ ಬಂದುಬಿಡು ಅಕ್ಕಾ. ನೀನು ಪಕ್ಕದಲ್ಲಿ ಕೂತರೆ ಹೇಳಿಬಿಡುತ್ತೇನೆ.