ಹೇಳುವುದಿಲ್ಲ ಎಂದು ಹೇಳುವ ರೋಮನ್ ವಿದ್ಯೆ

ಮಂಗಳವಾರ, ಮಾರ್ಚ್ 11, ಗ್ರೀನ್‌ಫರ್ಡ್

ಮುಂದಿನ ಎರಡು ವರ್ಷ ಓದುವ ಎ-ಲೆವೆಲ್ ವಿಷಯಗಳನ್ನು ನಾಳೆಯೊಳಗೆ ಶಾಲೆಗೆ ತಿಳಿಸಬೇಕು. ನನಗೆ ಲ್ಯಾಟಿನ್ ಬೇಕು, ಅಪ್ಪನಿಗೆ ಎಕನಾಮಿಕ್ಸ್. ಆದ್ದರಿಂದ ಊಟವಾದ ಮೇಲೆ ರೋಮನ್ನರಂತೆ ಬಿಳಿ ಬೆಡ್‌ಶೀಟು ಹೊದ್ದು, ಅಡುಗೆಮನೆಯೆಂಬ ಮಹಾಸಭೆಯಲ್ಲಿ ಅಪ್ಪನ ಮುಂದೆ ವಾದ ಮಂಡಿಸಿದೆ.

"ಈಗಷ್ಟೇ ಒಗ್ದ್ ಹಾಕಿದ್ ಶೀಟ್ ಅದ್!" ಎಂದು ಅಮ್ಮ ಕೂಗಿದಳು. ಆಕ್ಷೇಪಣೆಯನ್ನು ತಳ್ಳಿಹಾಕಲಾಯಿತು.

ರೋಮಿನ ವಕೀಲರಿಗೆ ಒಂದು ಕುತಂತ್ರ ಗೊತ್ತಿತ್ತು. ಎದುರಾಳಿಯ ಗುಟ್ಟನ್ನು ಹೇಳುವುದೇ ಇಲ್ಲವೆಂದು ಘೋಷಿಸಿ, ಆ ನೆಪದಲ್ಲೇ ಪೂರ್ತಿ ಹೇಳಿಬಿಡುವುದು. ತರಗತಿಯಲ್ಲಿ ಅದನ್ನು ಓದಿದಾಗಿನಿಂದ ನನ್ನ ನಾಲಿಗೆ ತುರಿಸುತ್ತಿತ್ತು.

"ಮಾನ್ಯ ನ್ಯಾಯಾಧೀಶರೇ, ಅಜ್ಜ ಬೇಡ ಅಂದ್ರೂ ನೀವು ಕಾಮರ್ಸ್ ಕ್ಲಾಸ್ ತಪ್ಪಿಸಿ ತಾಳಮದ್ದಳೆಗೆ ಓಡಿಹೋಗ್ತಿದ್ದದ್ದನ್ನ ನಾನು ಹೇಳುವುದಿಲ್ಲ. ಅಲ್ಲಿ ರಾವಣನ ಅರ್ಥ ಹೇಳಿ, ಹಿಂದಿನ ಬಾಗಿಲಿಂದ ಮನೆ ಸೇರ್ತಿದ್ದದ್ದನ್ನಂತೂ ಎತ್ತುವುದೇ ಇಲ್ಲ."

ಅಮ್ಮ ಸಿಂಕಿಗೆ ಒರಗಿ ನಕ್ಕಳು. ಅಪ್ಪ ನಗಲಿಲ್ಲ.

"ಹೇಳುದಿಲ್ಲ ಅಂದ್ಕಂಡೇ ಎಲ್ಲ ಹೇಳ್ದ್ಯಲ್ಲ ಮಾರಾಯ್ತಿ!" ಎಂದರು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ನಾನೆಂದೂ ಕೇಳದ ಗಂಭೀರ ಕಂಠದಲ್ಲಿ, "ನಿನ್ನ ಲ್ಯಾಟಿನ್ ಗುರುಗಳನ್ನು ನಾಳೆ ಸ್ವತಃ ಬಂದು ಕಾಣುವೆನೆಂದು ನಾನೂ ಹೇಳುವುದಿಲ್ಲ!" ಎಂದು ಎದ್ದುಹೋದರು.

ಒಪ್ಪಿಕೊಳ್ಳಲು ಬರುತ್ತಾರೋ, ಜಗಳಕ್ಕೆ ಬರುತ್ತಾರೋ? ಕೇಳುವ ಧೈರ್ಯವಾಗಲಿಲ್ಲ. ಆದರೆ ಈಗ ಕೆಳಗೆ ಏನೋ ಗುನುಗುತ್ತಾ ತಮ್ಮ ಒಳ್ಳೆಯ ಶರಟಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಜಗಳಕ್ಕೆ ಹೊರಟವರು ಗುನುಗುವುದಿಲ್ಲ, ಅಲ್ಲವೇ? ಹಾಗಾದರೆ ನಾಳೆ ಏನಾಗುತ್ತದೆಂದು ನಾನು ಹೇಳುವುದಿಲ್ಲ.